ಉಪ್ಪುಗಿಡದ ಬೀಜ ಕಚ್ಚಿದವನು

ಅವನನ್ನು ಎಲ್ಲರೂ ಸಪಾಟಣ್ಣ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದನ್ನು ಕೂಗಿದರೆ ಅವನೇ ಪಕ್ಕದವನ ಮುಖ ನೋಡುತ್ತಿದ್ದ. ಇಪ್ಪತ್ತಾರು ವರ್ಷ ಗಣಿ ಕಂಪನಿಯಲ್ಲಿ ಗ್ರೇಡರ್ ಓಡಿಸಿದವನು. ಹೊಟ್ಟೆಯಡಿ ಉದ್ದನೆಯ ಉಕ್ಕಿನ ಅಲಗು ಕಟ್ಟಿಕೊಂಡು ನೆಲ ಕೆರೆಯುತ್ತ ಹೋಗುವ ಗಾಡಿ ಅದು. ಗಾಡಿಯ ಮುಂದೆ ಉಬ್ಬು, ತಗ್ಗು, ಪೊದೆ, ಇರುವೆ ಗೂಡು, ಹಿಂದೆ ಸಪಾಟು. ಅವನ ಮಾತೂ ಹಾಗೇ ಇತ್ತು. ಮದುವೆಯ ಸುದ್ದಿಯಾಗಲಿ, ಮಸಣದ ಸುದ್ದಿಯಾಗಲಿ, "ಹೂಂ" ಎಂಬ ಒಂದೇ ಮಟ್ಟದ ಉತ್ತರ. ತಾಯಿ ತೀರಿಕೊಂಡಳೆಂದು ಹೇಳಿಕಳಿಸಿದಾಗಲೂ ಹೂಂ ಎಂದು, ಅರ್ಧಕ್ಕೆ ನಿಂತಿದ್ದ ರಸ್ತೆಯ ಅಂಚನ್ನು ಮುಗಿಸಿ, ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಆಮೇಲೆ ಊರಿಗೆ ಹೋದನಂತೆ. ಕಲ್ಲೆದೆಯವನು ಎಂದರು ಕೆಲವರು. ಕಲ್ಲಾಗಿದ್ದರೆ ಅವನೇ ಅದನ್ನು ಕೆರೆದು ಬದಿಗೆ ತಳ್ಳಿರುತ್ತಿದ್ದ.

ಅವನು ಕೆರೆದ ನೆಲ ಮರುಭೂಮಿಯದು. ಅದಕ್ಕೊಂದು ಕೆನೆ ಇತ್ತು. ಕಾಯಿಸಿಟ್ಟ ಹಾಲಿನ ಮೇಲೆ ಕಟ್ಟುವ ಹಾಗೆ, ಆದರೆ ಕಪ್ಪಗೆ, ಒರಟಾಗಿ, ಒಂದು ರೊಟ್ಟಿಯಷ್ಟೂ ದಪ್ಪವಿಲ್ಲದ ಪದರ. ಅದರಲ್ಲಿ ಜೀವವಿದೆ, ಅದು ಕಟ್ಟಿಕೊಳ್ಳಲು ಒಬ್ಬ ಮನುಷ್ಯನ ಆಯುಸ್ಸು ಬೇಕು, ಮಣ್ಣು ಗಾಳಿಗೆ ಹಾರದಂತೆ ಹಿಡಿದುಕೊಂಡಿರುವುದೇ ಅದು ಎಂಬುದೆಲ್ಲ ಸಪಾಟಣ್ಣನಿಗೆ ಗೊತ್ತಾದದ್ದು ಗಣಿ ಮುಚ್ಚಿದ ಮೇಲೆ. ಅಲ್ಲಿಯವರೆಗೆ ಅವನ ಲೆಕ್ಕದಲ್ಲಿ ಅದು ಅಲಗಿಗೆ ಮೊದಲು ಸಿಗುವ ಪದರ, ಅಷ್ಟೆ. ಕೆನೆ ತೆಗೆದ ಹಾಲನ್ನು ಬೆಕ್ಕಾದರೂ ಕುಡಿಯುತ್ತದೆ. ಕೆನೆ ತೆಗೆದ ನೆಲವನ್ನು ಗಾಳಿಯೊಂದೇ ಕುಡಿಯಿತು. ಕಾರ್ಮಿಕರ ಲೈನ್ ಮನೆಗಳಲ್ಲಿ ಊಟಕ್ಕೆ ಕೂತವರ ಹಲ್ಲಿನಡಿ ಅದೇ ನೆಲ ಕರಕರ ಎನ್ನುತ್ತಿತ್ತು.

ಗಣಿ ಬರಿದಾಯಿತು. ಗ್ರೇಡರನ್ನು ಯಾರೋ ಬಂದು ಕೊಂಡು ಲಾರಿಯ ಮೇಲೇರಿಸಿಕೊಂಡು ಹೋದರು. ಕೆಡಿಸಿದ ನೆಲವನ್ನು ಇದ್ದ ಹಾಗೆ ಮಾಡಿಯೇ ಹೋಗಬೇಕೆಂದು ಸರ್ಕಾರದ ಷರತ್ತಿತ್ತಾದ್ದರಿಂದ ಕಂಪನಿ ತನ್ನ ಹಳೆಯ ಆಳುಗಳನ್ನೇ ಆ ಕೆಲಸಕ್ಕೆ ಉಳಿಸಿಕೊಂಡಿತು. ಎಲ್ಲೆಲ್ಲಿ ಕೆಡಿಸಿದ್ದೇವೆಂದು ಕೆಡಿಸಿದವರಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಮರುಭೂಮಿಯನ್ನು ಮರಳಿ ಭೂಮಿ ಮಾಡುವ ಕೆಲಸ. ಮರಳಂತೂ ಬೇಕಾದಷ್ಟಿತ್ತು.

ಶುರುವಿನಲ್ಲಿ ಪತ್ರಿಕೆಯವನೊಬ್ಬ ಬಂದು ಸಪಾಟಣ್ಣನನ್ನೇ ಹುಡುಕಿ ಹಿಡಿದ.

"ನೀವೇ ಕೆರೆದು ಹಾಕಿದ ನೆಲಾನ ಈಗ ನೀವೇ ಸರಿಮಾಡ್ತಿದೀರಿ. ಏನನ್ಸುತ್ತೆ ನಿಮಗೆ?"

"ಏನೂ ಅನ್ಸಲ್ಲ."

"ಅಂದ್ರೆ, ಪಶ್ಚಾತ್ತಾಪ, ಸಂತೋಷ, ಆ ಥರ?"

ಬಂದವನು ಬಿಸಿಲಲ್ಲಿ ನಿಂತಿದ್ದಾನೆ, ಏನಾದರೂ ಹೇಳಬೇಕು ಎಂದು ಸಪಾಟಣ್ಣನಿಗೂ ಅನ್ನಿಸಿರಬೇಕು.

"ಬಾಯಾರಿಕೆ ಆಗುತ್ತೆ" ಎಂದ.

ಪತ್ರಿಕೆಯಲ್ಲಿ ಫೋಟೋ ಮಾತ್ರ ಬಂತು.

ಹೊಸ ಕೆಲಸದ ಪಾಠಗಳೆಲ್ಲ ಹಳೆಯ ಕೆಲಸಕ್ಕೆ ಉಲ್ಟಾ. ನೆಲ ಸಪಾಟಾಗಿರಬಾರದು; ಹಾರೆ ಸಲಿಕೆಯಲ್ಲಿ ಅಂಕುಡೊಂಕಾಗಿ ಗುಂಡಿ ತೋಡಬೇಕು. ಬಿದ್ದ ನಾಲ್ಕು ಹನಿ ನೀರು, ಹಾರಿ ಬಂದ ನಾಲ್ಕು ಬೀಜ ಅದರಲ್ಲಿ ನಿಲ್ಲಬೇಕು. ಸಾಲು ನೆಟ್ಟಗಿದ್ದರೆ ಗಿಡದ ಮೇಡಂ ಬಂದು ಕೆಡಿಸುತ್ತಿದ್ದಳು. ಸಸ್ಯಶಾಸ್ತ್ರ ಓದಿ ಬಂದ ಆಕೆಯೇ ಆ ಕೆಲಸದ ಯಜಮಾನಿ. ಆಮೇಲೆ ಸತ್ತ ಪೊದೆಗಳ ಒಣಕೊಂಬೆ ತಂದು ಗುಂಡಿಗಳ ಮಗ್ಗುಲಲ್ಲಿ ನೆಡಬೇಕು. ಸತ್ತದ್ದನ್ನೇ ನೆಡಬೇಕು. ಗಾಳಿ ತಡೆಯಲು, ಚೂರು ನೆರಳು ಕೊಡಲು.

"ಸತ್ತ ಗಿಡ ನೆಟ್ರೆ ಒಂದು ಅನುಕೂಲ ಮೇಡಂ" ಎಂದಿದ್ದ ಹಳೆಯ ಲಾರಿ ಡ್ರೈವರೊಬ್ಬ. "ಒಣಗೋಯ್ತು ಅಂತ ಯಾರೂ ಬೈಯಲ್ಲ."

ಹೀಗೆ ಬಯಲಿನಲ್ಲಿ ಗಂಡ ಗುಂಡಿ ತೋಡುತ್ತಿದ್ದ, ಮನೆಯಲ್ಲಿ ಹೆಂಡತಿ ಗುಂಡಿ ಹೊಲಿಯುತ್ತಿದ್ದಳು. ಆಕೆ ದರ್ಜಿ. ಲೈನ್ ಮನೆಗಳ ಅಂಗಿ, ಲಂಗ, ಶಾಲೆಯ ಸಮವಸ್ತ್ರ ಎಲ್ಲವೂ ಆಕೆಯ ಮಷಿನ್ನಿನ ಕೆಳಗೇ ಹಾದುಹೋಗುತ್ತಿದ್ದವು. ಎರಡೇ ಕೋಣೆಯ ಮನೆ. ಮುಂದಿನ ಕೋಣೆಗೆ ಬಡಗಣ ಗೋಡೆಯಲ್ಲಿ ಒಂದು ಕಿಟಕಿ. ಬಿಸಿಲು ಬರದೆ ಬೆಳಕು ಮಾತ್ರ ಬರುವ ಆ ಕಿಟಕಿಯಡಿ ಹತ್ತೊಂಬತ್ತು ವರ್ಷದಿಂದ ಮಷಿನ್ ನಿಂತಿತ್ತು. ಅದರ ನಾಲ್ಕು ಕಾಲುಗಳು ಸಿಮೆಂಟಿನಲ್ಲಿ ನಾಲ್ಕು ಕುಳಿ ಮಾಡಿಕೊಂಡಿದ್ದವು. ಮನೆ ಕಂಪನಿಯದು. ಗಂಡನ ಹೆಸರು ಹಾಜರಿ ಪುಸ್ತಕದಲ್ಲಿ ಇರುವಷ್ಟು ದಿನ ಮನೆ. ಹೆಸರು ಹೋದ ತಿಂಗಳೇ ಬೀಗದಕೈ ವಾಪಸ್ಸು.

ಇನ್ನು ಕೈಗಳ ವಿಷಯ. ಇಪ್ಪತ್ತಾರು ವರ್ಷ ಗ್ರೇಡರಿನ ಸನ್ನೆಕೋಲುಗಳನ್ನು ಹಿಡಿದಿದ್ದ ಕೈಗಳು. ಗಾಡಿಯ ನಡುಕವೆಲ್ಲ ಮೊದಲು ಬೆರಳಿಗೆ, ಆಮೇಲೆ ಅಂಗೈಗೆ, ಕೊನೆಗೆ ಮಣಿಕಟ್ಟಿನವರೆಗೆ ಏರಿತ್ತು. ಮೊದಲು ಜೋಮು ಹಿಡಿಯುತ್ತಿತ್ತು. ಜೋಮು ಹಿಡಿಯುವುದು ಎಷ್ಟೋ ವಾಸಿ, ಕೈ ಇದೆ ಎಂದಾದರೂ ಗೊತ್ತಾಗುತ್ತದೆ. ಆಮೇಲೆ ಅದೂ ನಿಂತಿತು. ಬಿಸಿ ಲೋಟ, ತಣ್ಣೀರು, ಹೆಂಡತಿಯ ಕೆನ್ನೆ, ಹಾರೆಯ ಹಿಡಿ ಎಲ್ಲವೂ ಒಂದೇ. ಕೈ ಮರಗಟ್ಟಿತು ಎನ್ನುತ್ತೇವಲ್ಲ, ಹಾಗೆ. ಆ ಬಯಲಿನಲ್ಲಿ ಮರವೆಂಬುದು ಮೊದಲು ಬಂದದ್ದು ಅವನ ಕೈಗೇ.

ಈ ಸಂಗತಿ ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುವವಳು ಅವಳೇ.

"ಕತ್ತು ಎತ್ರಿ" ಎನ್ನುತ್ತಿದ್ದಳು. "ಮದುವೇಲಿ ತಾಳಿ ಕಟ್ಟಿದ್ದು ನೀವು ಅಂತಾರೆ. ನಂಬೋಕಾಗಲ್ಲ."

"ಆಗ ಕೈ ಚೆನ್ನಾಗಿತ್ತು."

"ಆಗ್ಲೂ ಮೂರನೇ ಗಂಟು ನಮ್ಮತ್ತೇನೇ ಹಾಕಿದ್ದು."

ಹಾರೆ ಎರಡು ಸಲ ಕೈಯಿಂದ ಜಾರಿತು. ಮೊದಲ ಸಲ ಗುಂಡಿಗೆ, ಎರಡನೆಯ ಸಲ ಲಾರಿ ಡ್ರೈವರನ ಬೂಟಿಗೆ. ಕಚೇರಿಯ ಗುಮಾಸ್ತ ಕರೆಸಿದ. ಸಪಾಟಣ್ಣ, "ವಯಸ್ಸಾಯ್ತು, ಬೆವರಿಗೆ ಜಾರುತ್ತೆ" ಎಂದ. ಗುಮಾಸ್ತ ಒಳ್ಳೆಯವನೇ, ಹೆಬ್ಬೆರಳಿನಿಂದ ಪುಟ ತಿರುಗಿಸಿ ನೋಡಿ, "ಬೀಜದ ಕೋಣೇಲಿ ಒಂದು ಜಾಗ ಇದೆ. ಕೂತು ಮಾಡೋ ಕೆಲಸ. ಅದೂ ಆಗಲ್ಲ ಅಂದ್ರೆ ಮುಂದೆ ನನ್ನ ಹತ್ರ ಬೇರೆ ಕುರ್ಚಿ ಇಲ್ಲ ಸಪಾಟಣ್ಣ. ಡಾಕ್ಟರ್ ಚೀಟಿ, ಮನೆ ಬೀಗದಕೈ, ಅಷ್ಟೆ" ಎಂದ.

ಕೈಯಲ್ಲಿ ಸ್ಪರ್ಶವಿಲ್ಲದವನನ್ನು ಕಂಪನಿ ಕಳಿಸಿದ್ದು ಸ್ಪರ್ಶವೊಂದರಿಂದಲೇ ನಡೆಯುವ ಕೆಲಸಕ್ಕೆ.

ಬೀಜದ ಕೋಣೆ ಎಂದರೆ ಹಳೆಯ ಟೈರ್ ಗೋದಾಮು. ತಗಡಿನ ಮಾಡು, ಮೂರು ಉದ್ದನೆಯ ಮೇಜು, ಜರಡಿಗಳು, ಬಿಳಿ ತಟ್ಟೆಗಳು, ಗೋಡೆಗೆ ಸಾಲಾಗಿ ಬಟ್ಟೆ ಚೀಲಗಳು. ಗೋಡೆಗಳಿಗೆ ಇನ್ನೂ ರಬ್ಬರಿನ ವಾಸನೆ. ಏಳು ಜನ ಹೆಂಗಸರು ಕೂತಿರುತ್ತಿದ್ದರು. ಬೀಜದ ಕೋಣೆಯಲ್ಲಿ ಎಲ್ಲರೂ ಬಿಜಿ. ಅವರ ಮೇಲೆ ಬೀಜದಕ್ಕ. ಕನ್ನಡಕವನ್ನು ಹಣೆಗೇರಿಸಿಕೊಂಡು, ಬರೀ ಬೆರಳಿನಿಂದ ಇಡೀ ಬಯಲನ್ನು ಓದುವವಳು.

ಬೇರೆ ಊರಿನ ಗಿಡ ತಂದು ನೆಡುವ ಹಾಗಿರಲಿಲ್ಲ. ಅಲಗು ಮುಟ್ಟದೆ ಉಳಿದ ಅಂಚುಗಳಲ್ಲಿ ಅಲ್ಲಿಯದೇ ಪೊದೆಗಳಿದ್ದವು. ಬೂದುಬಣ್ಣದ ಸಣ್ಣ ಎಲೆಯ ಒಂದು ಪೊದೆಗೆ ಆಳುಗಳು ಉಪ್ಪುಗಿಡ ಎಂದು ಹೆಸರಿಟ್ಟಿದ್ದರು. ಅದರ ಬೀಜ ಆರಿಸಿ ತಂದು, ಕಸ ತೂರಿ, ಒಂದೊಂದನ್ನೇ ನೋಡಿ ಬಿತ್ತನೆಗೆ ಕಳಿಸಬೇಕು. ಕಷ್ಟವೇನೆಂದರೆ ಆ ಬೀಜ ಎರಡು ರೆಕ್ಕೆಯಂಥ ಸಿಪ್ಪೆಯೊಳಗೆ ಕೂತಿರುತ್ತದೆ, ಇಲ್ಲವೇ ಕೂತಿರುವುದಿಲ್ಲ. ಹೊರಗಿನಿಂದ ಎರಡೂ ಒಂದೇ. ತೂಕದಲ್ಲೂ ತಿಳಿಯದು, ಗಾಳಿಗೆ ತೂರಿದರೂ ತಿಳಿಯದು. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತಬೇಕು. ಒಳಗಿಂದ ಸಾಸಿವೆಯಷ್ಟು ಏನೋ ಎದುರೊತ್ತಿದರೆ ಕಾಳು, ಬಲತಟ್ಟೆಗೆ. ಪಿಸಕ್ಕೆಂದರೆ ಜೊಳ್ಳು, ಎಡತಟ್ಟೆಗೆ.

"ಮನುಷ್ಯರನ್ನ ನೋಡೋ ಹಾಗೇನೆ ಅಣ್ಣ" ಎಂದಳು ಬೀಜದಕ್ಕ ಮೊದಲ ದಿನ. "ಒಂಚೂರು ಒತ್ತಿ ನೋಡು. ಗಟ್ಟಿ ಇದ್ದೋರು ಸುಮ್ನಿರ್ತಾರೆ."

ಸಪಾಟಣ್ಣ ಒತ್ತಿದ. ಬೀಜವಿತ್ತೋ, ಜೊಳ್ಳಿತ್ತೋ, ಬೆರಳುಗಳ ನಡುವೆ ಏನಾದರೂ ಇತ್ತೋ ಇಲ್ಲವೋ ಅದೇ ಗೊತ್ತಾಗಲಿಲ್ಲ. ನೋಡಿದ, ಇತ್ತು.

ಆಗ ಅವನು ಪಕ್ಕದ ಹೆಂಗಸಿನ ಕೈ ನೋಡಿದ. ಆಕೆ ಸುಮಾರು ಐದಕ್ಕೆ ಎರಡನ್ನು ಎಡಕ್ಕೆ ಹಾಕುತ್ತಿದ್ದಳು. ಇವನೂ ಹಾಕಿದ. ಎರಡು ಎಡಕ್ಕೆ, ಮೂರು ಬಲಕ್ಕೆ. ಕೆಲವೊಮ್ಮೆ ಅನುಮಾನ ಬಾರದಿರಲೆಂದು ಒಂದನ್ನು ಹಿಡಿದು ತುಸು ಹೊತ್ತು ಯೋಚಿಸುವವನಂತೆ ಕೂತು ಎಡಕ್ಕೆ ಹಾಕುತ್ತಿದ್ದ. ತಿಂಗಳಿಡೀ ಹೀಗೇ ನಡೆಯಿತು. ಹಾಗೆ ತುಂಬಿದ ಚೀಲಗಳನ್ನು ಏಳನೇ ತುಂಡಿನಲ್ಲಿ ಬಿತ್ತಿದರು. ತುಂಡು ಎಂದರೆ ಬಯಲನ್ನು ಗೂಟ ಹೊಡೆದು ಭಾಗ ಮಾಡಿದ್ದರಲ್ಲಿ ಒಂದು. ಏಳನೆಯದು ಅವನು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ವಾರ, ಮೊಟ್ಟಮೊದಲು ಕೆರೆದ ಜಾಗ. ಅಲ್ಲಿ ಗಾಡಿಗಳು ತಿರುಗಿಸಿಕೊಳ್ಳುತ್ತಿದ್ದವು.

ಏಳನೇ ತುಂಡಿನಲ್ಲಿ ಏನೂ ಬರಲಿಲ್ಲ. ಹಾಗೆ ನೋಡಿದರೆ ಆರರಲ್ಲೂ ಬರಲಿಲ್ಲ, ಎಂಟರಲ್ಲೂ ಇಲ್ಲ. ಆ ವರ್ಷ ಮಳೆಯೇ ಇರಲಿಲ್ಲ. ಮರುಭೂಮಿಯಲ್ಲಿ ಕಾಳು ಬಿತ್ತಿದವನ ಮಾನವನ್ನೂ ಜೊಳ್ಳು ಬಿತ್ತಿದವನ ಮಾನವನ್ನೂ ಆಕಾಶ ಒಟ್ಟಿಗೇ ಕಾಯುತ್ತದೆ. ಆದರೆ ಸಪಾಟಣ್ಣ ಸಂಜೆ ಮನೆಗೆ ಹೋಗುವಾಗ ಏಳರ ಗೂಟದ ಹತ್ತಿರ ಒಂದು ಗಳಿಗೆ ನಿಲ್ಲತೊಡಗಿದ. ದುಃಖ ಎನ್ನುವಂಥದ್ದೇನೂ ಇರಲಿಲ್ಲ. ಮುಂದೆ ಹೋಗಬೇಕೆಂದು ಕಾಲಿಗೆ ಅನ್ನಿಸುತ್ತಿರಲಿಲ್ಲ, ಅಷ್ಟೆ.

ಒಂದು ಭಾನುವಾರ ಹೆಂಡತಿ ಕಿಟಕಿಯಡಿ ಕೂತು ಹೊಲಿಯುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿದು, ಅದರ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿದಳು. ಹತ್ತೊಂಬತ್ತು ವರ್ಷದಿಂದ ಕಂಡದ್ದೇ. ಅಂದು ಕೇಳಿದ:

"ಕತ್ತರಿ ಅಲ್ಲೇ ಇದೆಯಲ್ಲೇ."

"ಕತ್ತರಿಗೇನ್ರೀ ಗೊತ್ತು? ಹಲ್ಲಿಗಾದ್ರೆ ದಾರ ಹಳೇದೋ ಹೊಸದೋ, ಗಟ್ಟಿನೋ ಲಡ್ಡೋ ಎಲ್ಲಾ ಗೊತ್ತಾಗುತ್ತೆ."

ಸಪಾಟಣ್ಣ ಹೂಂ ಎಂದ. ಸೋಮವಾರ ಬೀಜದ ಕೋಣೆಯಲ್ಲಿ, ಬೆವರು ಒರೆಸುವವನಂತೆ ಕೈಯನ್ನು ಬಾಯಿಯ ಹತ್ತಿರ ತಂದು ಒಂದು ಬೀಜವನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಕಚ್ಚಿದ. ಎದುರೊತ್ತಿತು. ಸಾಸಿವೆಯಷ್ಟು ಏನೋ. ತೆಗೆದು ಬಲಕ್ಕೆ ಹಾಕಿದ. ಇನ್ನೊಂದು ಪಿಸಕ್ಕೆಂದಿತು, ಎಡಕ್ಕೆ.

ಅಂದಿನಿಂದ ಅವನು ಜೊಳ್ಳನ್ನು ಕಂಡುಹಿಡಿದದ್ದು ಜೊಲ್ಲಿನ ಬಲದಿಂದ. ತಲೆ ತಗ್ಗಿಸಿ, ಎಡಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ದಿನಕ್ಕೆ ಸಾವಿರಾರು ಬೀಜ ಕಚ್ಚಿದ. ಸಿಪ್ಪೆಯ ಉಪ್ಪಿಗೆ ತುಟಿ ಒಡೆಯಿತು, ನಾಲಗೆ ಹುಣ್ಣಾಯಿತು. ಮನೆಗೆ ಬಂದರೆ ಊಟಕ್ಕಿಂತ ಮೊದಲು ಕೊಡದ ಹತ್ತಿರ ಹೋಗಿ ನಿಲ್ಲುತ್ತಿದ್ದ.

"ಏನ್ರೀ ಇದು, ಎತ್ತಿನ ಥರ ಕುಡೀತೀರ?"

"ಸೆಖೆ."

"ಪಲ್ಯಕ್ಕೆ ಉಪ್ಪು ಸರಿಯಾಗಿದೆಯಾ?"

"ಗೊತ್ತಾಗ್ತಿಲ್ಲ."

"ಕೈ ಹೋಯ್ತು, ಈಗ ನಾಲಗೆನೂ ಹೋಯ್ತಾ! ಉಳಿದಿರೋದೇನು ಹೇಳಿಬಿಡಿ, ಎತ್ತಿಡ್ತೀನಿ."

ಅವನ ತಟ್ಟೆಯಲ್ಲಿ ಒಂದೂ ಜೊಳ್ಳಿರುತ್ತಿರಲಿಲ್ಲ. ಬೀಜದಕ್ಕ ಹಿಡಿ ತೆಗೆದು ಒತ್ತಿ ನೋಡಿ, ಏಳು ಜನಕ್ಕೂ ಕೇಳಿಸುವ ಹಾಗೆ, "ಗಂಡಸಿನ ಕೈ ನೋಡ್ರೇ!" ಎಂದು ಹೊಗಳಿದಳು. ಹಾಗೆ ಹೊಗಳಿ ಮೋಸಹೋದದ್ದನ್ನು ಅವಳು ಮುಂದೆ ಮರೆಯಲಿಲ್ಲ.

ತಪ್ಪು ಎಲ್ಲಾಯಿತೆಂದರೆ ಚೀಲದಲ್ಲಿ. ಒಂದು ಬೀಜಕ್ಕೆ ತಗಲುವ ಜೊಲ್ಲು ಎಷ್ಟು ಮಹಾ? ಆದರೆ ಸಾವಿರಾರು ಬೀಜ, ಕಟ್ಟಿಟ್ಟ ಚೀಲ, ತಗಡಿನ ಮಾಡಿನ ಸೆಖೆ. ಎರಡು ತಿಂಗಳ ಮೇಲೆ ಬಿತ್ತನೆಗೆಂದು ಅವನ ಚೀಲ ಬಿಚ್ಚಿದಾಗ ಒಳಗೆ ಹಸಿರು ಬೂಷ್ಟು. ಬೂಷ್ಟಿನ ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ಬಾಲದ ಮೊಳಕೆ. ಸಿಪ್ಪೆಯ ಉಪ್ಪು ತೊಳೆದುಹೋಗುವಷ್ಟು ಮಳೆ ಬಂದ ಮೇಲೆಯೇ ಮೊಳೆಯುವ ಬೀಜ ಅದು. ಬಾಯಿಯ ನೀರನ್ನೇ ಮಳೆ ಎಂದು ನಂಬಿ ಕತ್ತಲ ಚೀಲದಲ್ಲಿ ಎದ್ದು ಕೂತಿತ್ತು. ಎದ್ದು, ಅಲ್ಲೇ ಸತ್ತಿತ್ತು. ನಾಲ್ಕು ಚೀಲ ಹಾಳು.

ಬೀಜದಕ್ಕ ಕನ್ನಡಕವನ್ನು ಹಣೆಯಿಂದ ಇಳಿಸಿದಳು. ಅದು ಅವಳು ಕೋಪಗೊಂಡ ಗುರುತು. ಇವನನ್ನು ಎರಡು ದಿನ ನೋಡಿದಳು. ಮೂರನೆಯ ದಿನ ಗಿಡದ ಮೇಡಮ್ಮನ್ನು ಕರೆತಂದಳು.

"ಬಿತ್ತೋಕೆ ತಂದಿದ್ದನ್ನ ಬಾಯಿಗೆ ಹಾಕ್ಕೊಂಡು ಚಪ್ಪರಿಸ್ತಾನೆ ಮೇಡಂ! ಮೆದ್ದಷ್ಟು ಮೆದ್ದು ಮಿಕ್ಕಿದ್ದನ್ನ ಉಗೀತಾನೆ. ಚೀಲ ಬೂಷ್ಟು ಹಿಡೀದೆ ಇನ್ನೇನಾಗುತ್ತೆ?"

"ಹೌದಾ ಸಪಾಟಣ್ಣ?" ಎಂದಳು ಮೇಡಂ. "ಬೀಜ ತಿಂದ್ರಾ?"

ಸಪಾಟಣ್ಣನ ಮುಂದೆ ಎರಡೇ ದಾರಿ. ತಿಂದೆ ಎಂದರೆ ಕಳ್ಳ. ತಿನ್ನಲಿಲ್ಲ ಎಂದರೆ ಮತ್ತೆ ಬಾಯಿಗೇಕೆ ಹಾಕಿದೆ ಎಂದು ಕೇಳುತ್ತಾರೆ; ಕೈಯ ಸಂಗತಿ ಹೇಳಬೇಕು; ಡಾಕ್ಟರ್ ಚೀಟಿ, ಬೀಗದಕೈ. ಕಳ್ಳನಿಗೆ ಮೊದಲ ಸಲ ಬರೀ ಎಚ್ಚರಿಕೆ ಕೊಟ್ಟು ಬಿಡುವ ಪದ್ಧತಿ ಕಂಪನಿಯಲ್ಲಿತ್ತು. ಕೈಲಾಗದವನಿಗೆ ಅಂಥ ಪದ್ಧತಿ ಇರಲಿಲ್ಲ.

"ತಿಂದೆ" ಎಂದ.

ಮೇಡಂ ನಗು ತಡೆದಳೋ ಸಿಟ್ಟು ತಡೆದಳೋ ಹೇಳುವುದು ಕಷ್ಟ. "ಹೇಗಿತ್ತು ರುಚಿ?"

"ಉಪ್ಪು."

ತಪ್ಪೊಪ್ಪಿಗೆ ಬರೆಸಿಕೊಂಡರು. ಮರುದಿನದಿಂದ ಅವನು ಬೀಜದಕ್ಕನ ಎದುರಿನ ಕುರ್ಚಿಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂರಬೇಕೆಂದಾಯಿತು. ಗಂಟನ್ನು ಬೀಜದಕ್ಕನೇ ಹಾಕಿದಳು. ಸಪಾಟಣ್ಣ ಮತ್ತೆ ಎರಡು ಎಡಕ್ಕೆ, ಮೂರು ಬಲಕ್ಕೆ ಹಾಕತೊಡಗಿದ. ಈ ಸಲದ್ದು ಒಂದು ತುಂಡಿಗಲ್ಲ, ಬಯಲಿನ ಇಡೀ ಬಡಗಣ ಅಂಚಿಗೆ ಬಿತ್ತುವ ಬೀಜ.

ಲೈನ್ ಮನೆಗಳಲ್ಲಿ ಸುದ್ದಿಗೆ ಕಾಲು ಬೇಕಿಲ್ಲ, ನಲ್ಲಿ ಸಾಕು. ನೀರು ಹಿಡಿಯಲು ಹೋದ ಹೆಂಡತಿಗೆ ನಾಲ್ಕು ಮಾತು ಕೇಳಿಸಿದವು. "ನಿಮ್ಮನೇಲಿ ಕೋಳಿ ಸಾಕಿದೀರಂತೆ, ಕಾಳು ಹಾಕೋದು ಬೇಡವಂತೆ, ತಾನೇ ಮೇಯ್ಕೊಂಡು ಬರುತ್ತಂತೆ." ಅಂಗಿಯ ಅಳತೆ ಕೊಡಲು ಬಂದವಳೊಬ್ಬಳು, "ಗುಂಡಿ ಎಣಿಸಿ ಕೊಟ್ಟಿದೀನಿ ಅಕ್ಕ. ನಿಮ್ಮೆಜಮಾನ್ರ ಕೈಗೆ ಸಿಗೋ ಹಾಗೆ ಇಡಬೇಡಿ" ಎಂದಳು. ಹೆಂಡತಿ ಆ ಅಂಗಿಯನ್ನು ಹೊಲಿದೇ ಕೊಟ್ಟಳು. ತೋಳಿಗೆ ಅರ್ಧ ಇಂಚು ಕಡಿಮೆ ಬಿಟ್ಟಳು ಎನ್ನುತ್ತಾರೆ, ಅದು ಸಾಬೀತಾಗಿಲ್ಲ.

ಆ ಸಂಜೆ ಗಂಡನ ಅಂಗಿಯ ಗುಂಡಿ ಬಿಚ್ಚುತ್ತ ಕೇಳಿದಳು: "ಬಾಯಿಗ್ಯಾಕೆ ಹಾಕಿದ್ರಿ?"

"ಹಲ್ಲಿಗೆ ಗೊತ್ತಾಗುತ್ತೆ ಅಂದಿದ್ದೆಯಲ್ಲ."

ಅವಳ ಕೈ ಮೂರನೇ ಗುಂಡಿಯ ಹತ್ತಿರ ನಿಂತಿತು.

"ತಿಂದೆ ಅಂತ ಯಾಕ್ರೀ ಹೇಳಿದ್ರಿ?"

"ಮನೆ ಹೋಗುತ್ತೆ. ನಿನ್ನ ಕಿಟಕಿ."

ಅವಳು ಉಳಿದ ಎರಡು ಗುಂಡಿ ಬಿಚ್ಚಿ, ಅಂಗಿ ಕೊಡವಿ, ಮೊಳೆಗೆ ನೇತುಹಾಕಿದಳು. ಅಳಲಿಲ್ಲ. ಆ ಮನೆಯಲ್ಲಿ ಅಳು ಎನ್ನುವುದು ನೆಂಟರು ಬಂದಾಗ ತೆಗೆಯುವ ತಟ್ಟೆಯಂತೆ ಎಲ್ಲೋ ಮೇಲಿನ ಹಲಗೆಯಲ್ಲಿತ್ತು.

ಮರುದಿನ ಮಧ್ಯಾಹ್ನ ಅವಳು ಬೀಜದ ಕೋಣೆಗೆ ಬಂದಳು. ಗಿಡದ ಮೇಡಂ ಅಲ್ಲೇ ಇದ್ದಳು, ಚೀಲಗಳಿಗೆ ಗುರುತು ಹಾಕಿಸುತ್ತಿದ್ದಳು.

"ನನ್ನ ಗಂಡ ತಿಂದಿಲ್ಲ ಮೇಡಂ."

"ಏ, ಸುಮ್ನಿರೇ" ಎಂದ ಸಪಾಟಣ್ಣ, ಬಾಯಿಯ ಬಟ್ಟೆಯನ್ನು ಗಲ್ಲಕ್ಕಿಳಿಸಿ. "ತಿಂದಿದೀನಿ ಮೇಡಂ. ಬರೆದೂ ಕೊಟ್ಟಿದೀನಿ."

"ಅವರೇ ಒಪ್ಕೊಂಡಿದಾರಲ್ಲಮ್ಮ" ಎಂದಳು ಬೀಜದಕ್ಕ. "ನಿನ್ನದೇನು ಹೊಸ ಕತೆ?"

ಹೆಂಡತಿ ಅವನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಎದೆಯ ಬಳಿ ಬಟ್ಟೆಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ಸೆಳೆದಳು. ಮೇಜಿನ ಮೇಲೆ ಬಿದ್ದಿದ್ದ ಅವನ ಬಲಗೈಯ ತೋರುಬೆರಳಿಗೆ, ಬಟ್ಟೆಗೆ ಹೊಲಿಗೆ ಹಾಕುವಷ್ಟೇ ಸಹಜವಾಗಿ, ಚುಚ್ಚಿದಳು. ಸೂಜಿ ಅಲ್ಲೇ ನಿಂತಿತು.

ಸಪಾಟಣ್ಣ ಮೇಡಂ ಕಡೆ ನೋಡುತ್ತ ಮಾತು ಮುಂದುವರಿಸಿದ್ದ. "ಇವಳಿಗೇನೂ ಗೊತ್ತಿಲ್ಲ ಮೇಡಂ. ಮನೇಲಿ ಕೂತಿರೋಳು. ಮೊದಲ ದಿನ ರುಚಿ ನೋಡೋಣ ಅಂತ ಒಂದು ಹಾಕ್ಕೊಂಡೆ. ಆಮೇಲೆ ಅಭ್ಯಾಸ ಆಯ್ತು. ಎಲೆ ಅಡಿಕೆ ಥರ. ಇನ್ಮೇಲೆ ತಿನ್ನಲ್ಲ..."

ಯಾರೂ ತನ್ನ ಮುಖ ನೋಡುತ್ತಿಲ್ಲ ಎಂದು ಅವನಿಗೆ ಕೊನೆಗೆ ತಿಳಿಯಿತು. ಎಲ್ಲರೂ ನೋಡುತ್ತಿದ್ದ ಕಡೆ ಅವನೂ ನೋಡಿದ. ಬಿಳಿ ತಟ್ಟೆಯಲ್ಲಿ, ಬೀಜಗಳ ಮೇಲೆ, ಒಂದು ಕೆಂಪು ಹನಿ. ಅವನು ನೋಡುತ್ತಿದ್ದಂತೆಯೇ ಇನ್ನೊಂದು ಬಿತ್ತು.

"ಯಾರದ್ದು?" ಎಂದ.

ಏಳು ಜನ ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ.

ಹೆಂಡತಿ ಸೂಜಿ ತೆಗೆದು, ಒರೆಸಿ, ಮತ್ತೆ ಬಟ್ಟೆಗೆ ಚುಚ್ಚಿಕೊಂಡಳು. ಮೇಡಂ ಅವನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, ಎಷ್ಟು ವರ್ಷದಿಂದ ಎಂದು ಕೇಳಿದಳು. ಗಾಡಿ ಇದ್ದಾಗಿನಿಂದ ಎಂದ. ಮತ್ತೆ ಬೀಜ ಹೇಗೆ ಆರಿಸಿದಿರಿ ಎಂದಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಅವನು ಎರಡು ಎಡಕ್ಕೆ, ಮೂರು ಬಲಕ್ಕೆ ಹಾಕಿದ್ದನ್ನು ಹೇಳಿದ, ಹಲ್ಲಿನ ಸಂಗತಿ ಹೇಳಿದ, ಬಟ್ಟೆ ಕಟ್ಟಿದ ಮೇಲೆ ಮತ್ತೆ ಎರಡು ಮೂರಕ್ಕೆ ಬಂದದ್ದನ್ನೂ ಹೇಳಿದ.

"ಈ ವಾರದ ಚೀಲ ತಿರುಗಿ ನೋಡಿಸಿ. ಮತ್ತೆ ಏಳನೇ ತುಂಡು ನಂದು ಮೇಡಂ. ಅದನ್ನ ಲೆಕ್ಕಕ್ಕೆ ಇಟ್ಕೋಬೇಡಿ. ಇನ್ನೊಂದ್ಸಲ ಬಿತ್ತಿಸಿ."

"ಮಳೆ ಬರ್ಲಿ, ನೋಡೋಣ" ಎಂದಳು ಮೇಡಂ. ಆ ಬಯಲಿನಲ್ಲಿ ಎಲ್ಲದಕ್ಕೂ ಅದೇ ಉತ್ತರ.

ಇಷ್ಟೆಲ್ಲ ನಡೆಯುತ್ತಿರುವಾಗ ಬೀಜದಕ್ಕ ಬೇರೇನನ್ನೋ ನೋಡುತ್ತಿದ್ದಳು. ಸ್ಟೂಲಿನ ಮೇಲೆ ಕೂತ ದರ್ಜಿಯ ಕೈ ಸುಮ್ಮನಿರಲಿಲ್ಲ. ಸುಮ್ಮನಿದ್ದು ಅಭ್ಯಾಸವಿಲ್ಲದ ಕೈ. ಗಂಡನ ತಟ್ಟೆಯಿಂದ ಬೀಜ ತೆಗೆದು, ನೋಡದೆಯೇ ಒತ್ತಿ, ಇದನ್ನು ಅತ್ತ, ಅದನ್ನು ಇತ್ತ ಹಾಕುತ್ತಿತ್ತು. ಬೀಜದಕ್ಕ ಬಂದು ಆ ಗುಡ್ಡೆಯಿಂದ ಒಂದು ಹಿಡಿ ಎತ್ತಿಕೊಂಡಳು. ಒಂದೊಂದಾಗಿ ಒತ್ತಿ ನೋಡಿದಳು. ಕನ್ನಡಕವನ್ನು ಮೆಲ್ಲಗೆ ಹಣೆಗೇರಿಸಿದಳು.

ಮರುದಿನ ಕಂಪನಿಯ ಡಾಕ್ಟರು ಉಕ್ಕಿನ ಕವೆಯೊಂದನ್ನು ಮೇಜಿಗೆ ಬಡಿದು, ಗುಂಯ್ ಎನ್ನುತ್ತಿರುವಾಗಲೇ ಸಪಾಟಣ್ಣನ ಬೆರಳ ಗಿಣ್ಣಿಗೆ ಒತ್ತಿದರು. "ಗೊತ್ತಾಗ್ತಿದೆಯಾ?"

"ಕೇಳಿಸ್ತಿದೆ."

ಕೆಲಸಕ್ಕೆ ಆಗುವ ಕೈಯಲ್ಲವೆಂದು ಚೀಟಿ ಬರೆದರು. ಗುಮಾಸ್ತ ಹೆಬ್ಬೆರಳಿನಿಂದ ಪುಟ ತಿರುಗಿಸಿ ಸಪಾಟಣ್ಣನ ಹೆಸರಿನ ಮೇಲೆ ಗೆರೆ ಎಳೆದ. ಬೀಗದಕೈಗೆ ಕೈ ಚಾಚುವಷ್ಟರಲ್ಲಿ ಬೀಜದಕ್ಕ ಬಂದು, ಗೆರೆಯ ಕೆಳಗೇ ಇನ್ನೊಂದು ಹೆಸರು ಬರೆಯಬೇಕೆಂದು ಹೇಳಿ, ಬರೆದದ್ದನ್ನು ಓದಿ ನೋಡಿಯೇ ಹೋದಳು. "ಅವಳ ಕೈ ನೋಡಿದೀನಿ" ಎಂದಷ್ಟೇ ಹೇಳಿದಳಂತೆ. ಬೀಗದಕೈ ಅದೇ ಮನೆಗೆ ವಾಪಸು ಹೋಯಿತು. ಆದರೆ ಹಗಲೆಲ್ಲ ದರ್ಜಿ ಬೀಜದ ಕೋಣೆಯಲ್ಲಿ, ಅವಳ ಮಷಿನ್ ಮಾತ್ರ ಕಿಟಕಿಯಡಿ. ಉಳಿಸಿಕೊಂಡ ಬೆಳಕಿನಲ್ಲಿ ಈಗ ಸಪಾಟಣ್ಣ ಒಬ್ಬನೇ ಕೂರುತ್ತಿದ್ದ. ಹೊಲಿಗೆ ಏನಿದ್ದರೂ ಭಾನುವಾರಕ್ಕೆ.

ಅವನು ಮಧ್ಯಾಹ್ನ ಅವಳ ಬುತ್ತಿ ಒಯ್ಯುತ್ತಿದ್ದ. ಡಬ್ಬಿಯನ್ನು ಬಗಲಲ್ಲಿ ಅವುಚಿಕೊಂಡು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದ. ಒಳಗೆ ಬರಬೇಡ ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ.

"ಬಂದ್ರು ನೋಡು ನಿಮ್ಮೆಜಮಾನ್ರು. ತಟ್ಟೆ ಮುಚ್ಕೊಳ್ರೇ!" ಎನ್ನುತ್ತಿದ್ದಳು ಬೀಜದಕ್ಕ. ಆ ಮಾತಿನಲ್ಲಿ ಈಗ ಖಾರವಿರಲಿಲ್ಲ, ಅಭ್ಯಾಸವಿತ್ತು. ಬುತ್ತಿ ಕೊಟ್ಟು ಅವನು ಬಯಲಿಗೆ ಹೋಗುತ್ತಿದ್ದ. ಗಾಳಿಗೆ ಒರಗಿದ ಒಣಕೊಂಬೆಗಳನ್ನು ಮೊಣಕೈಯಿಂದ ಎತ್ತಿ ನಿಲ್ಲಿಸಿ ಬುಡವನ್ನು ಹಿಮ್ಮಡಿಯಿಂದ ಒತ್ತುತ್ತಿದ್ದ. ಯಾರೂ ಹೇಳಿದ ಕೆಲಸವಲ್ಲ. ಸಂಜೆಯವರೆಗೆ ಹೊತ್ತು ಹೋಗಬೇಕಲ್ಲ.

ಮಳೆ ಬಂದದ್ದು ಮಾರನೆಯ ವರ್ಷ. ಒಂದು ಮಧ್ಯಾಹ್ನ, ಅರ್ಧ ಗಂಟೆ. ಮೂರು ವಾರದ ಮೇಲೆ ಮೇಡಂ ಹಗ್ಗ ಹಿಡಿಸಿ, ಚೌಕ ಮಾಡಿಸಿ, ತುಂಡು ತುಂಡಾಗಿ ಸಸಿ ಎಣಿಸಲು ಹೊರಟಳು. ಬೀಜದ ಕೋಣೆಯವರೆಲ್ಲ ಎಣಿಕೆಗೆ ಬಂದಿದ್ದರು. ಆರನೇ ತುಂಡಿನಲ್ಲಿ ಬಂದಿತ್ತು. ಏಳರಲ್ಲೂ ಬಂದಿತ್ತು. ಮೇಡಂ ಎರಡರ ಎಣಿಕೆಯನ್ನೂ ಪಕ್ಕಪಕ್ಕ ಬರೆದು ನೋಡಿ, ಪೆನ್ನಿನ ಹಿಂಭಾಗದಿಂದ ಕಿವಿ ತುರಿಸಿಕೊಂಡಳು. ಏಳರಲ್ಲಿ ಕಡಿಮೆ. ಆದರೆ ಎಂಟರಲ್ಲಿ, ಬೀಜದಕ್ಕನೇ ಕೈಯಾರೆ ಒತ್ತಿದ ಬೀಜದಲ್ಲಿ, ಏಳಕ್ಕಿಂತಲೂ ಕಡಿಮೆ.

"ಏಳನ್ನ ತಿರುಗಿ ಬಿತ್ತೋದು ಬೇಡ" ಎಂದಳು ಮೇಡಂ. "ಇರೋದನ್ನ ತುಳೀದಿದ್ರೆ ಸಾಕು."

ಸಪಾಟಣ್ಣ ಗೂಟದ ಹತ್ತಿರ ನಿಂತಿದ್ದ. ಹೆಂಡತಿ ಹಗ್ಗದ ತುದಿ ಹಿಡಿದುಕೊಂಡು ಹತ್ತಿರ ಬಂದಳು.

"ಕೇಳಿಸ್ತಾ? ಬಂದಿದೆ. ಏನನ್ಸುತ್ತೆ?"

ಅವನು ತನ್ನೊಳಗೆ ಹುಡುಕಿ ನೋಡಿದ. ಜೇಬಿನಲ್ಲಿ ಕೈ ಹಾಕಿದಾಗ ಆಗುವ ಹಾಗೆ, ಏನಾದರೂ ಇದ್ದರೂ ತಿಳಿಯುವಂತಿರಲಿಲ್ಲ.

"ಏನೂ ಅನ್ಸಲ್ಲ" ಎಂದ.

ಆಮೇಲೆ ಮಂಡಿಯೂರಿದ. ಒಣಕೊಂಬೆಯ ಬುಡದಲ್ಲಿ ಉಗುರಿನಷ್ಟು ಎತ್ತರದ ಒಂದು ಸಸಿ. ಬೂದುಬಣ್ಣದ ಎರಡು ಎಲೆ. ಬೆರಳಿನಿಂದ ಮುಟ್ಟಿದ. ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಮೊಣಕೈ ಊರಿ, ನೆಲದವರೆಗೆ ಬಾಗಿ, ತುಟಿಯನ್ನು ಎಲೆಗೆ ತಾಗಿಸಿದ. ಅಲ್ಲೇ ಸ್ವಲ್ಪ ಹೊತ್ತು ಇದ್ದ.

"ಅಯ್ಯೋ, ಶುರು ಹಚ್ಕೊಂಡ ನೋಡ್ರೇ ಮತ್ತೆ!" ಎಂದು ಎಂಟನೇ ತುಂಡಿನಿಂದ ಬೀಜದಕ್ಕನ ಕೂಗು.

ಹೆಂಡತಿ ಅವನ ಬೆನ್ನ ಮೇಲೆ ಕೈ ಇಟ್ಟಳು.

"ತಿನ್ಬೇಡ್ರೀ" ಎಂದಳು. "ಎಣಿಸಿ ಬರ್ಕೊಂಡಾಗಿದೆ."